ಮೊದಲ ಸಾಲು ಯಾರದು?

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಡು ಕೇಳಿದರೆ ಹಾಡಿದವರು ಯಾವ ಕಡೆಯವರೆಂದು ಹೇಳಬಹುದು. ಕಾಗವಾಡದವರ ಹಾಡಿನ ನಡುವೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದಾದರೂ ಹಾದುಹೋಗುತ್ತದೆ, ಅದರ ಸ್ಪೀಕರಿನಲ್ಲಿ ಬೇರೆಯೇ ಹಾಡು ಇರುತ್ತದೆ. ಪಾಲಬಾವಿಯ ಭಜನೆಯ ಹಿಂದೆ ಮೇವು ಕತ್ತರಿಸುವ ಯಂತ್ರದ ಸದ್ದು. ಸತ್ತಿ ಊರಿನ ಒಬ್ಬರು ಹೊಳೆದಂಡೆಯ ಪಂಪ್‌ಸೆಟ್ಟಿನ ಗುಂಯ್ ಸದ್ದನ್ನೇ ಶ್ರುತಿಯಾಗಿ ಹಿಡಿದು ಹಾಡುತ್ತಾರೆ. ಒಮ್ಮೆ ನಡುವೆ ಕರೆಂಟ್ ಹೋಗಿ ಪಂಪು ನಿಂತಿತು. ಅಲ್ಲಿಂದ ಮುಂದೆ ಅವರ ಹಾಡೂ ದಾರಿ ತಪ್ಪಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳಲ್ಲಿ ಹಾಡುವ ಹುಚ್ಚಿರುವ ಸಾಮಾನ್ಯ ಜನರ ಗುಂಪು ಅದು. ಮನೆಯಲ್ಲಿ ಕುಳಿತು ಫೋನಿನಲ್ಲಿ ಹಾಡು ಹಿಡಿದು ಕಳಿಸುತ್ತಾರೆ. ಉಳಿದವರು ಕೇಳಿ ಅಭಿಪ್ರಾಯ ಹೇಳಬೇಕು. ನಾನು ಚಿಕ್ಕೋಡಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಗುಂಪು ನಡೆಸುವ ರಾಯಬಾಗದ ಬಸ್ ಕಂಡಕ್ಟರ್ ನನ್ನನ್ನು ಸೇರಿಸಿಕೊಂಡಾಗ, "ಪೇಪರಿನವ್ರು ನೀವು. ದಿನಾ ಮಂದಿ ತಪ್ಪ ಹುಡುಕಿ ಬರೀತೀರಿ. ನಮ್ಮ ಖೋಡಿನೂ ಹೇಳ್ರಿ," ಎಂದರು. ಖೋಡಿ ಎಂದರೆ ನಮ್ಮ ಕಡೆ ಕುಂದು, ಕೊರತೆ.

ಆದರೆ ಗುಂಪಿನಲ್ಲಿ ಯಾರೂ ಖೋಡಿ ಹೇಳುತ್ತಿರಲಿಲ್ಲ. ಎಂಥ ಹಾಡು ಬಂದರೂ "ಭಾರಿ", "ಒಂದ ನಂಬರ್", ಕೈ ಮುಗಿದ ಚಿತ್ರ. ಇಂದು ಅವರದನ್ನು ಬೈದರೆ ನಾಳೆ ನಮ್ಮದು ಬರುತ್ತದೆಯಲ್ಲ. ನಿಜವಾದ ಖೋಡಿ ಹೇಳಬೇಕೆಂದರೆ ಹಾಡಿದವರ ಮನೆಗೇ ಹೋಗಬೇಕು, ಹೋದರೆ ಮೊದಲು ಊಟ ಮಾಡಬೇಕು. ಉಂಡ ಮೇಲೆ ಹೇಳಿದ ಮಾತಿಗೆ ಸಿಟ್ಟಾಗಬಾರದೆಂಬುದು ಯಾರೂ ಬರೆದಿಡದ ಕಟ್ಟಳೆ. ಈ ಕಾರಣಕ್ಕೇ ಕೆಲವರು ಖೋಡಿಗಾರರನ್ನು ಊಟಕ್ಕೆ ಕರೆಯುತ್ತಿರಲಿಲ್ಲ.

ಇದಕ್ಕೆ ಹೊರತಾದವರು ನಿಪ್ಪಾಣಿಯ ಒಬ್ಬ ಸ್ನೇಹಿತರು. ತಂಬಾಕಿನ ವಖಾರಿಯಲ್ಲಿ ಲೆಕ್ಕ ಬರೆಯುವವರು, ಸಂಜೆ ಹಾರ್ಮೋನಿಯಂ ನುಡಿಸುವವರು. ಮನೆಯ ಮಾತು ಮರಾಠಿ, ಓದಿದ್ದು ಕನ್ನಡ ಶಾಲೆ. ಅವರು ಗುಂಪಿನಲ್ಲೇ ಖೋಡಿ ಹೇಳುತ್ತಿದ್ದರು, ಆದರೆ ಅದಕ್ಕೊಂದು ಪದ್ಧತಿ ಇಟ್ಟುಕೊಂಡಿದ್ದರು. ಹೊಗಳುವಾಗ ಹಾಡಿದವರ ಮನೆಮಾತಿನಲ್ಲಿ ಹೊಗಳುವುದು, ತೆಗಳುವಾಗ ಇನ್ನೊಂದು ಭಾಷೆಯಲ್ಲಿ. ಯಾಕೆಂದು ಒಮ್ಮೆ ಕೇಳಿದೆ.

"ಸ್ವಂತ ಭಾಷೆಯೊಳಗ ಬೈದ್ರ ಸೀದಾ ಎದಿಗಿ ಹೊಡಿತೈತ್ರಿ. ಬ್ಯಾರೆ ಭಾಷೆ ಆದ್ರ ಮೊದಲ ತಲಿಗಿ ಹೋಗತೈತಿ, ತಲಿಯಿಂದ ಎದಿಗಿ ಇಳೀಬೇಕು. ಅಷ್ಟರಾಗ ಅರ್ಧಾ ಸಿಟ್ಟ ಹೋಗಿರತೈತಿ," ಎಂದರು.

ಹೀಗಾಗಿ ಅವರ ಸಂದೇಶ ಬಂದರೆ ಜನ ಮೊದಲು ನೋಡುವುದು ಯಾವ ಭಾಷೆ ಎಂದು. ನಾನೂ ಒಮ್ಮೆ ಧೈರ್ಯ ಮಾಡಿ ಹಾಡೊಂದನ್ನು ಕಳಿಸಿದ್ದೆ. ಎಲ್ಲರೂ ಒಂದ ನಂಬರ್ ಎಂದರು. ಅವರು ಮಾತ್ರ "ಬಾತಮಿ ವಾಚಲ್ಯಾಸಾರಖಂ ವಾಟತಂ," ಎಂದು ಬರೆದರು. ಸುದ್ದಿ ಓದಿದಂತಿದೆ ಎಂದರ್ಥ. ಮತ್ತೊಮ್ಮೆ ಕೇಳಿ ನೋಡಿದೆ. ಸುದ್ದಿ ಓದಿದಂತೆಯೇ ಇತ್ತು. ಆಮೇಲೆ ನಾನು ಹಾಡು ಕಳಿಸುವುದನ್ನು ಬಿಟ್ಟು ಕೇಳುವುದಕ್ಕೆ ನಿಂತೆ.

ನನ್ನ ಟೀಕೆಯ ರೀತಿ ಬೇರೆ. ಏನು ಕೇಳಿಸಿತೋ ಅದನ್ನಷ್ಟೇ ಬರೆಯುವುದು. "ಎರಡನೇ ಚರಣದಲ್ಲಿ ತಾಳ ಮುಂದೆ ಓಡಿದೆ. ಅಲ್ಲೇ ಕುಕ್ಕರ್ ಸೀಟಿ ಹೊಡೆದಿದೆ. ಕೊನೆಯ ಸಾಲಿನಲ್ಲಿ ಉಸಿರು ಸಾಲಿಲ್ಲ." ಕಂಡಕ್ಟರ್ ಅದನ್ನು ಓದಿ, "ಇದ ಖೋಡಿ ಅಲ್ರಿ, ಪಂಚನಾಮೆ," ಎಂದಿದ್ದರು. ಆ ಹೆಸರೇ ನಿಂತಿತು. ಹಾಡು ಕಳಿಸಿದವರು "ಪಂಚನಾಮೆ ಯಾವಾಗ್ರಿ?" ಎಂದು ಕೇಳತೊಡಗಿದರು.

ಆ ಬೇಸಿಗೆ ಮುಗಿಯುವ ಹೊತ್ತಿಗೆ ಅಂಕಲಿಯಿಂದ ನನ್ನೊಬ್ಬನ ಫೋನಿಗೆ ಒಂದು ಹಾಡು ಬಂತು. ಕಳಿಸಿದವರು ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ. ಅಣ್ಣನಿಗೆ ಅಲ್ಲಿ ಸ್ವಲ್ಪ ಹೊಲ, ನಾಲ್ಕಾರು ಎಮ್ಮೆ. ವೈನಿಯ ತವರು ಕಾಗವಾಡದ ಆಚೆ, ಮರಾಠಿ ಮಾತಾಡುವ ಊರು. ಮೈದುನನಾದ ನನ್ನನ್ನು ಅಲ್ಲಿಯ ರೂಢಿಯಂತೆ ಭಾವುಜಿ ಎನ್ನುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅವರು ಅಂಕಲಿಯ ಹೆಣ್ಣುಮಕ್ಕಳ ಭಜನಾ ಮೇಳದಲ್ಲಿದ್ದಾರೆ. ಯಾವಾಗಲೂ ಹಿಂದಿನ ಸಾಲಿನಲ್ಲಿ. ಈ ಮೇಳದಲ್ಲಿ ಒಬ್ಬರು ಮುಂದೆ ಕುಳಿತು ಒಂದು ಸಾಲು ಹೇಳುತ್ತಾರೆ, ಹಿಂದೆ ಕುಳಿತವರು ಅದನ್ನೇ ತಿರುಗಿ ಹೇಳುತ್ತಾರೆ. ನನಗೆ ತಿಳಿದಾಗಿನಿಂದ ಮುಂದೆ ಹಾಡುತ್ತಿದ್ದವರು ಊರೆಲ್ಲ ಆಯಿ ಎಂದು ಕರೆಯುವ ಒಬ್ಬ ಅಜ್ಜಿ.

ಶ್ರಾವಣ ಬಂದರೆ ಪ್ರತಿ ಸೋಮವಾರ ಗುಡಿಯಲ್ಲಿ ಭಜನೆ. ಆ ಸಲ ಶ್ರಾವಣಕ್ಕೆ ಇನ್ನೂ ಸಾಕಷ್ಟು ದಿನ ಇರುವಾಗಲೇ ಆಯಿ ಮೇಳದವರನ್ನು ಕೂಡಿಸಿ, "ಮ್ಯಾಲಿನ ಸ್ವರಕ್ಕ ಹೋದ್ರ ಕೆಮ್ಮ ಬರತೈತಿ. ಇನ್ನ ಮುಂದ ಕುಂಡ್ರಾಕಿ ಬ್ಯಾರೆ ಆಗ್ಲಿ. ಯಾರಿಗಿ ಆಸೆ ಐತಿ, ಮನ್ಯಾಗ ಕುಂತ ನಮ್ಮ ನೀರಿನ ಪದಾ ಫೋನಿನ್ಯಾಗ ಹಾಡಿ ಕೊಡ್ರಿ. ನಾ ಕೇಳಿ ಹೇಳತೇನಿ," ಎಂದರು. ಎದುರಿಗೇ ಹಾಡಿಸಬಹುದಲ್ಲ ಎಂದು ಯಾರೋ ಕೇಳಿದರಂತೆ. "ಎದುರಿಗಿ ಕುಂತ್ರ ನಾ ಮಾರಿ ನೋಡತೇನಿ. ಮಾರಿ ನೋಡಿದ್ರ ನನಗ ಎಲ್ಲಾರೂ ಚಲೋ ಹಾಡಿದಂಗ ಆಗತೈತಿ."

ಆಸೆಪಟ್ಟವರು ಇಬ್ಬರು. ಒಬ್ಬಳು ಹಾಲಿನ ಡೇರಿಯ ಬಾಜೂಕಿನ ಮನೆಯ ಹೊಸ ಸೊಸೆ. ಅಥಣಿಯಿಂದ ಹೊಳೆಯುವ ಕರೋಕೆ ಮೈಕು ತಂದಿದ್ದಳು. ಇನ್ನೊಬ್ಬರು ನಮ್ಮ ವೈನಿ. ಈ ಎರಡನೆಯ ಹೆಸರನ್ನು ಯಾರೂ ನಿರೀಕ್ಷಿಸಿರಲಿಲ್ಲ. ಅಣ್ಣನಿಗೆ ಗೊತ್ತಾದದ್ದೂ ಡೇರಿಯಲ್ಲಿ ಹಾಲು ಹಾಕುವಾಗ.

ಹೊರಗಿನ ಸದ್ದು ಬರಬಾರದೆಂದು ವೈನಿ ತಲೆಯ ಮೇಲೆ ಎರಡು ಕೌದಿ ಹೊದ್ದು, ಒಳಗೆ ಫೋನು ಹಿಡಿದು ಹಾಡಿದ್ದರು. ಮೊದಲ ಸಲ ಅದನ್ನು ನೋಡಿದ ಅಣ್ಣ, ಮೈಯಲ್ಲಿ ಹುಷಾರಿಲ್ಲವೆಂದು ತಿಳಿದು ಕೌದಿ ಎತ್ತಿದ್ದನಂತೆ. "ಬೆವರಿನ್ಯಾಗ ತೊಯ್ದ ಹೊರಗ ಬಂದ್ಲು. ಮಾರಿ ಕೆಂಪಗ ಆಗಿತ್ತ. ನಾ ಜ್ವರಾ ಬಿಟ್ಟೈತಿ ಅಂದೆ," ಎಂದು ನನಗೆ ಫೋನಿನಲ್ಲಿ ಹೇಳಿದ.

ಹಾಡಿನ ಜತೆ ವೈನಿ ಮಾತಿನ ಸಂದೇಶವನ್ನೂ ಕಳಿಸಿದ್ದರು. "ಭಾವುಜಿ, ಇದ ಆಯಿಗಿ ಕಳಸೂದೈತಿ. ಅದಕ್ಕಿಂತ ಮೊದಲ ಖೋಡಿ ಹೇಳ್ರಿ. ಮೇಳದ ಮಂದಿ ಎಲ್ಲಾ ಚಲೋ ಐತಿ ಅಂತಾರ, ಅವ್ರ ಮಾತ ನಂಬಾಕ ಆಗೂದಿಲ್ಲ. ನಾ ನಿಮ್ಮ ವೈನಿ ಅನ್ನೂದ ಮರತ ಹೇಳ್ರಿ. ಇಷ್ಟ ವರ್ಷ ಹಿಂದ ಕುಂತೇನಿ. ಒಮ್ಮೆ ಮುಂದ ಕುಂಡ್ರಬೇಕ ಅನಸೈತಿ."

ಆ ಪದ ಮೇಳದವರದೇ. ಆಯಿಯ ಅತ್ತೆಯ ಕಾಲದಿಂದ ಇದೆ ಎನ್ನುತ್ತಾರೆ, ಕಟ್ಟಿದವರು ಯಾರೋ ಗೊತ್ತಿಲ್ಲ. "ನೀರಿಗಂತ ಹೋದೆನವ್ವ, ನೀರೇ ನನ್ನ ತುಂಬಿತ" ಎಂದು ಶುರುವಾಗುತ್ತದೆ. ವೈನಿ ಒಬ್ಬರೇ ಹಾಡಿದ್ದರಿಂದ ಪ್ರತಿ ಸಾಲನ್ನೂ ಮೇಳದಲ್ಲಿ ಹೇಳಿದಂತೆ ಎರಡು ಸಲ ಹೇಳಿದ್ದರು. ಮೊದಲ ಸಲ ಸಾಲು ಸಣ್ಣಗೆ, ದೂರದಿಂದ ಬಂದಂತೆ ಕೇಳಿಸುತ್ತಿತ್ತು. ಎರಡನೇ ಸಲ ಅದೇ ಸಾಲು ತುಂಬುಗಂಟಲಿನಲ್ಲಿ, ಕೇಳಿದವರು ತಲೆದೂಗುವಂತೆ. ಹಾಡಿನ ಉದ್ದಕ್ಕೂ ಹೀಗೆಯೇ. ನಾನು ಪಂಚನಾಮೆ ಬರೆದೆ. "ಪ್ರತಿ ಸಾಲು ಮೊದಲ ಸಲ ಕ್ಷೀಣವಾಗಿದೆ, ಎರಡನೇ ಸಲ ಸ್ಪಷ್ಟವಾಗಿದೆ. ಫೋನು ಕೈಯಲ್ಲಿ ಅಲುಗಾಡುತ್ತಿರಬಹುದು."

ವೈನಿ ಫೋನನ್ನು ಕಡಗೋಲಿಗೆ ಕಟ್ಟಿ, ಕಡಗೋಲನ್ನು ಜೋಳದ ಡಬ್ಬಿಯಲ್ಲಿ ನೆಟ್ಟು ಮತ್ತೆ ಹಾಡಿದರು. ಮತ್ತೆ ಹಾಗೆಯೇ ಬಂತು. ಕೌದಿ ಒಂದಕ್ಕಿಳಿಸಿದರು. ಹಾಗೆಯೇ ಬಂತು. ಅಣ್ಣನ ಫೋನಿನಲ್ಲಿ ಹಿಡಿದರು. ಅದರಲ್ಲೂ ಮೊದಲ ಸಾಲು ದೂರ, ಎರಡನೆಯದು ಹತ್ತಿರ. ಈಗ ಫೋನಿನ ತಪ್ಪು ಎನ್ನುವಂತಿರಲಿಲ್ಲ. ಏನಾಗುತ್ತಿದೆ ಎಂಬುದು ನನ್ನ ಪಂಚನಾಮೆಯಲ್ಲಿತ್ತು. ಯಾಕಾಗುತ್ತಿದೆ ಎಂಬುದು ನನಗೂ ತಿಳಿಯಲಿಲ್ಲ.

ವೈನಿಯನ್ನು ಕೇಳಿ ಅದನ್ನು ಐದು ತಾಲೂಕಿನ ಗುಂಪಿನಲ್ಲಿ ಹಾಕಿದೆ. "ಭಾರಿ" ಬಂತು, "ಒಂದ ನಂಬರ್" ಬಂತು. ಅಥಣಿಯ ಬಳೆ ಅಂಗಡಿಯವರು ಸ್ವಲ್ಪ ಎಕೋ ಕೊಟ್ಟರೆ ಎಲ್ಲ ಮುಚ್ಚಿಹೋಗುತ್ತದೆ ಎಂದರು. ಕಂಡಕ್ಟರ್ ಹೊಸ ಆ್ಯಪ್ ಹೇಳಿದರು. ಸಂಜೆ ನಿಪ್ಪಾಣಿಯ ಸ್ನೇಹಿತರ ಸಂದೇಶ ಬಂತು, ಒಂದೇ ಸಾಲು. ಈ ಸಲ ಮರಾಠಿ.

"ವಹಿನಿ, ಪಹಿಲಿ ಓಳ ಕುಣಾಚಿ?"

ವೈನಿ, ಮೊದಲ ಸಾಲು ಯಾರದು? ಅಷ್ಟೇ ಇತ್ತು. ಹಾಡನ್ನು ಮತ್ತೆ ಹಾಕಿ ಕೇಳಿದೆ. ಇನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ. ಮೊದಲ ಸಲ ಹೇಳುವಾಗ ವೈನಿ ಅದನ್ನು ಇನ್ನೊಬ್ಬರ ಪರವಾಗಿ ಹೇಳುತ್ತಿದ್ದರು. ಬಸ್ಸಿನಲ್ಲಿ ಯಾರಿಗೋ ಟವೆಲ್ ಹಾಕಿ ಸೀಟು ಹಿಡಿದಂತೆ. ತಿರುಗಿ ಹೇಳುವಾಗ ಮಾತ್ರ ಅದು ಅವರ ಸ್ವಂತದ್ದು. ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ಕುಳಿತವರು ಕೌದಿಯೊಳಗೆ ಒಬ್ಬರೇ ಇದ್ದಾಗಲೂ ಹಿಂದಿನ ಸಾಲಿನಲ್ಲೇ ಕುಳಿತಿದ್ದರು.

ವೈನಿ ಆ ಗುಂಪಿನಲ್ಲಿರಲಿಲ್ಲ. ಹೇಳಬೇಕಾದವನು ನಾನು. ಭಾನುವಾರ ಬೈಕು ಹತ್ತಿ ಅಂಕಲಿಗೆ ಹೋದೆ. ವೈನಿ ಒಲೆಯ ಮುಂದೆ ಭಕ್ಕರಿ ಬಡಿಯುತ್ತಿದ್ದರು. ನನ್ನನ್ನು ನೋಡಿ, "ಖೋಡಿ ತಗೊಂಡ ಬಂದೀರಿ. ಮಾರಿ ಮ್ಯಾಲೆ ಬರದೈತಿ. ಮೊದಲ ಉಣ್ರಿ," ಎಂದರು. ಬಿಸಿ ಭಕ್ಕರಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಣ್ಣನೂ ಪಕ್ಕದಲ್ಲಿ ಕುಳಿತ. "ಎಷ್ಟ ದೊಡ್ಡ ಖೋಡಿಲೇ? ಎರಡ ಭಕ್ಕರಿದೋ, ಮೂರ ಭಕ್ಕರಿದೋ?" ಎಂದು ಕೇಳಿದ.

ಕೈ ತೊಳೆದು ಫೋನು ಕೊಟ್ಟೆ. ವೈನಿ ಸಂದೇಶ ಓದಿಕೊಂಡರು. ಮರಾಠಿ ಅವರಿಗೆ ತಿಳಿಸಿ ಹೇಳಬೇಕಿರಲಿಲ್ಲ. ಇನ್ನೊಂದು ಭಕ್ಕರಿ ಬಡಿದು ಹಂಚಿಗೆ ಹಾಕಿದರು. ಅದು ಉಬ್ಬಿತು, ಇಳಿಯಿತು. ಆಮೇಲೆ ಹೇಳಿದರು:

"ಪಹಿಲಿ ಓಳ ಆಯೀದ್ರಿ."

ತಮಾಷೆಗೆ ಹೇಳಿದ್ದಲ್ಲ. ಪ್ರಶ್ನೆ ಕೇಳಿದ್ದಾರೆ, ಉತ್ತರ ಇದು, ಎಂಬ ಧಾಟಿಯಲ್ಲಿ ಹೇಳಿದರು. ಅಣ್ಣ ನಕ್ಕ. "ಹಂಗಾರ ಗುಡಿಯೊಳಗ ಮುಂದ ಕುಂತ, ಆಯಿ ಹೇಳ್ಲಿ ಅಂತ ಕಾಯಾಕೇನ?"

"ನೀವ ಸುಮ್ಮ ಕುಂಡ್ರಿ. ಜ್ವರಾ ಬಿಟ್ಟೈತಿ ಅನ್ನಾವ್ರು," ಎಂದರು ವೈನಿ.

ನಾನು ಲ್ಯಾಪ್‌ಟಾಪ್ ಒಯ್ದಿದ್ದೆ. ಪತ್ರಿಕೆಯವನಿಗೆ ತೋಚುವ ಉಪಾಯವೆಂದರೆ ಕತ್ತರಿ. ಕ್ಷೀಣವಾಗಿದ್ದ ಸಾಲುಗಳನ್ನೆಲ್ಲ ತೆಗೆದು, ಆ ಜಾಗದಲ್ಲಿ ತುಂಬುಗಂಟಲಿನ ಸಾಲುಗಳನ್ನೇ ಕೂರಿಸಿದೆ. ಚಹಾ ಆಗುವಷ್ಟರಲ್ಲಿ ಕೆಲಸ ಮುಗಿಯಿತು. ಹಾಡು ಕೇಳಿಸಿದೆ. ಚೆನ್ನಾಗಿ ಬಂದಿತ್ತು. ಅಣ್ಣ, "ಇದು ನಮ್ಮ ಮನಿಯಾಕಿ ಹಾಡಿದ್ದೇನಲೇ?" ಎಂದ. ವೈನಿ ಎರಡು ಸಲ ಕೇಳಿದರು.

"ಚಲೋ ಐತಿ. ಯಾರ ಹಾಡ್ಯಾರ?"

"ನೀವ ರೀ ವೈನಿ. ನಾ ಜಾಗಾ ಅಷ್ಟ ಬದಲಿ ಮಾಡೇನಿ. ಪೇಪರಿನ್ಯಾಗ ದಿನಾ ಇದ ಮಾಡತೇವಿ."

"ಪೇಪರ್ ಓದಾವ್ರು ತಿರುಗಿ ಹಾಡಾಂಗಿಲ್ಲಲ್ಲ ಭಾವುಜಿ. ಇಲ್ಲಿ ಹಿಂದ ಕುಂತಾವ್ರು ನನ್ನ ಬಾಯಿ ನೋಡಕೋತ ಕುಂತಿರತಾರ. ಸೋಮವಾರ ಗುಡಿಯೊಳಗ ನೀವು ಕತ್ತರಿ ಹಿಡಕೊಂಡ ನನ್ನ ಬಾಜೂಕ ಕುಂಡ್ರತೀರೇನ? ಅಳಸ್ರಿ ಅದನ್ನ."

ಅವರ ಎದುರಿಗೇ ಅಳಿಸಿದೆ.

ಸಂಜೆ ಹಾಲು ಹಿಂಡುವ ಹೊತ್ತು. ಅಣ್ಣ ಬಕೆಟ್ಟು ಹಿಡಿದು ಎಮ್ಮೆಯ ಕೆಳಗೆ ಕುಳಿತಿದ್ದ. ವೈನಿ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು, ಕೌದಿ ಇಲ್ಲದೆ ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. "ಕೇಳ್ರಿ ಇಲ್ಲಿ. ನಾ ಒಂದ ಸಾಲ ಹೇಳತೇನಿ. ನೀವು ತಿರುಗಿ ಹೇಳ್ರಿ."

"ನನಗ ಎಲ್ಲಿ ಬರತೈತಿ ಪದಾ?"

"ಬರಾಂಗಿಲ್ಲ ಅಂತ ಗೊತ್ತೈತಿ. ಅದಕ್ಕ ನಿಮ್ಮನ್ನ ಹಿಡದೇನಿ."

ನೀರಿಗಂತ ಹೋದೆನವ್ವ ಎಂದು ವೈನಿ ಸಣ್ಣಗೆ ಶುರು ಮಾಡಿದರು. ಅಣ್ಣ ಹಾಲಿನ ಸದ್ದಿನ ನಡುವೆ, "ಏನಂದಿ? ಕೇಳ್ಸಲಿಲ್ಲ," ಎಂದ. ಇನ್ನೊಮ್ಮೆ ಹೇಳಿದರು. "ಜೋರ ಹೇಳ. ನೀ ಹೇಳದಿದ್ರ ನನಗೇನ ಗೊತ್ತ ಮುಂದಿಂದು?" ಎಂದ. ಮೂರನೇ ಸಲ ವೈನಿ ಸಾಲನ್ನು ಕೊಟ್ಟಿಗೆಯ ಆ ತುದಿಗೆ ಎಸೆದರು. ಎಮ್ಮೆ ಕಿವಿ ಎತ್ತಿತು. ಅಣ್ಣ ಆ ಸಾಲನ್ನು ಹಿಡಿದು, ಯಾವ ಸ್ವರಕ್ಕೂ ಸೇರದ ಗಂಟಲಿನಲ್ಲಿ ವಾಪಸ್ ಕೊಟ್ಟ. ಎರಡನೇ ಸಾಲು ಬಂತು. ಅವನಿಗೆ ಅದೂ ಗೊತ್ತಿಲ್ಲ, ಹೀಗಾಗಿ ಅದೂ ಜೋರಾಗಿಯೇ ಬರಬೇಕಾಯಿತು. ಹಾಡು ಮುಗಿಯುವತನಕ ವೈನಿ ಎಲ್ಲಿಯೂ ಯಾರಿಗೂ ಕಾಯಲಿಲ್ಲ. ಕಾದರೆ ಅಣ್ಣ ಅಲ್ಲೇ ಮುಗ್ಗರಿಸುತ್ತಿದ್ದ.

ವೈನಿ ಅದನ್ನೇ ಆಯಿಗೆ ಕಳಿಸುತ್ತೇನೆ ಎಂದಾಗ ನಾನು ಪಂಚನಾಮೆ ಹೇಳಿದೆ. ಬಕೆಟ್ಟಿನ ಸದ್ದಿದೆ, ಎಮ್ಮೆ ಎರಡು ಕಡೆ ಕೂಗಿದೆ, ಅಣ್ಣನ ಧ್ವನಿ ಹಾಡನ್ನು ಕೆಡಿಸುತ್ತಿದೆ, ಹೆಣ್ಣುಮಕ್ಕಳನ್ನು ಕೂಡಿಸಿ ಇನ್ನೊಮ್ಮೆ ಹಿಡಿಯೋಣ ಎಂದೆ.

"ಅವ್ರ ಖೋಡಿ ಅವ್ರಿಗೆ ಹೇಳ್ರಿ. ನಂದೇನರ ಇದ್ರ ನನಗ ಹೇಳ್ರಿ," ಎಂದರು.

ಅವರ ಹಾಡಿನಲ್ಲಿ ಹೇಳುವಂಥದ್ದು ನನಗೆ ಏನೂ ಸಿಗಲಿಲ್ಲ. ಕಳಿಸಿಬಿಟ್ಟರು.

ಎರಡು ದಿನ ಬಿಟ್ಟು ಆಯಿ ಗುಡಿಯ ಕಟ್ಟೆಯ ಮೇಲೆ ತೀರ್ಮಾನಕ್ಕೆ ಕುಳಿತರು. ಸದ್ದು ದೊಡ್ಡದಾಗಲೆಂದು ಫೋನನ್ನು ಖಾಲಿ ಸ್ಟೀಲ್ ಪಾತೇಲಿಯಲ್ಲಿ ಇಟ್ಟಿದ್ದರು. ಸುತ್ತ ಮೇಳದವರೆಲ್ಲ. ನಾನು, ಅಣ್ಣ ಸ್ವಲ್ಪ ದೂರದಲ್ಲಿ ಬೈಕಿನ ಮೇಲೆ. ಮೊದಲು ಡೇರಿ ಬಾಜೂಕಿನ ಸೊಸೆಯ ಹಾಡು. ಅವಳ ಮೈಕಿನಲ್ಲಿ ಎಕೋ ಎಷ್ಟಿತ್ತೆಂದರೆ ಒಂದು ಸಾಲು ಮುಗಿದು ಇನ್ನೊಂದು ಬಂದರೂ ಹಿಂದಿನದು ಇನ್ನೂ ಸುತ್ತುತ್ತಿತ್ತು. ಆಯಿ ಪಾತೇಲಿಯೊಳಗೆ ಬಗ್ಗಿ ನೋಡಿದರು.

"ಬಾವ್ಯಾಗ ಬಿದ್ದಾಳೇನ ಯವ್ವಾ? ಯಾರರ ಹಗ್ಗಾ ಒಗೀರಿ."

ಎಲ್ಲರಿಗಿಂತ ಹೆಚ್ಚು ನಕ್ಕವಳು ಆ ಸೊಸೆಯೇ. "ಮೈಕಿಂದ ತಪ್ಪ ಆಯಿ," ಎಂದಳು. "ಮೈಕ ಆರಸಿ ತಂದಾಕಿ ಯಾರ? ನಿನ್ನ ಧ್ವನಿ ಚಲೋ ಐತಿ, ಅದನ್ನ ಹೊರಗ ತಗಿ ಮೊದಲ," ಎಂದರು ಆಯಿ.

ಆಮೇಲೆ ವೈನಿಯದು. ಎಮ್ಮೆ ಕೂಗಿದಾಗ ಎಲ್ಲರೂ ನಕ್ಕರು, ಅಣ್ಣ ಹಾಡಿದಾಗ ಇನ್ನೂ ಜೋರಾಗಿ ನಕ್ಕರು. ಅಣ್ಣ ಬೈಕಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳತೊಡಗಿದ. ವೈನಿ ಕಟ್ಟೆಯ ಮೂಲೆಯಲ್ಲಿ ಸೆರಗಿನ ತುದಿ ಸುತ್ತುತ್ತ ಕುಳಿತಿದ್ದರು. ಆಯಿ ನಗದೆ ಪೂರ್ತಿ ಕೇಳಿದರು.

"ಎಮ್ಮಿ ಶ್ರುತಿ ಬರೋಬ್ಬರಿ ಐತಿ. ಗಂಡಂದ ಇಲ್ಲ," ಎಂದರು. ಮತ್ತೆ ನಗು. ಅದು ಅಡಗುವವರೆಗೆ ಕಾದು, "ಕಡೀ ಚರಣದಾಗ ಉಸರ ಬಿಟ್ಟಿ, ಅದನ್ನ ನೋಡಕೋ," ಎಂದರು. ನಾನು ಕೇಳಿಯೂ ಕೇಳಿಸಿಕೊಳ್ಳದ ಖೋಡಿ ಅದು. ಆಮೇಲೆ ಮೇಳದವರ ಕಡೆ ತಿರುಗಿದರು. "ಇಂಥಾ ಗಂಟಲದಾಂವನ್ನ ಕಡೀತನಕ ಎಳಕೊಂಡ ಹೋಗ್ಯಾಳಂದ್ರ, ನಮ್ಮನ್ನ ಎಳಕೊಂಡ ಹೋಗೂದ ಏನ ದೊಡ್ಡದ? ಇಕಿನ ಕುಂಡ್ರಲಿ ಮುಂದ."

ವೈನಿ ಎದ್ದು ಆಯಿಯ ಕಾಲು ಮುಟ್ಟಿದರು. ಅಣ್ಣ ಮಾತ್ರ ದಾರಿಯುದ್ದಕ್ಕೂ, "ಗೆದ್ದದ್ದ ನಾನ ನೋಡಲೇ," ಎಂದು ಹೇಳುತ್ತ ಬಂದ.

ಶ್ರಾವಣದ ಮೊದಲ ಸೋಮವಾರ ನಾನು ಗುಡಿಯಲ್ಲಿದ್ದೆ. ಫೋನಿನಲ್ಲಿ ಹಿಡಿಯುವ ಕೆಲಸ ನನ್ನದು. ವೈನಿ ಮುಂದೆ ಕೈಯಲ್ಲಿ ತಾಳ ಹಿಡಿದು ಕುಳಿತರು. ಆಯಿ ಹಿಂದಿನ ಸಾಲಿನಲ್ಲಿ, ವೈನಿ ಇಷ್ಟು ವರ್ಷ ಕುಳಿತ ಕಂಬದ ಪಕ್ಕ. ನೀರಿನ ಪದ ಶುರುವಾಯಿತು. ವೈನಿ ಮೊದಲ ಸಾಲು ಎತ್ತಿದರು. ಅದರ ಜತೆಗೇ, ಅದಕ್ಕಿಂತ ತುಸು ಮುಂಚೆಯೇ, ಹಿಂದಿನಿಂದ ಇನ್ನೊಂದು ಧ್ವನಿ ಅದೇ ಸಾಲನ್ನು ಎತ್ತಿತು. ಆಯಿಗೆ ಹಿಂದೆ ಕುಳಿತು ಕಾಯುವುದು ಗೊತ್ತಿರಲಿಲ್ಲ. ಎರಡನೇ ಸಾಲಿಗೂ ಹಾಗೆಯೇ ಆಯಿತು. ಹಿಂದಿನವರಿಗೆ ಯಾರನ್ನು ಹಿಡಿಯಬೇಕೆಂದು ತಿಳಿಯದೆ ಅರ್ಧ ಮೇಳ ಒಂದು ಕಡೆ, ಅರ್ಧ ಇನ್ನೊಂದು ಕಡೆ ಹೋಯಿತು. ವೈನಿಯ ಧ್ವನಿ ಸಣ್ಣದಾಗತೊಡಗಿತು. ಮತ್ತೆ ಕೌದಿಯೊಳಗೆ ಹೋಗುತ್ತಾರೆ ಎಂದುಕೊಂಡೆ.

ಅವರು ತಾಳ ನಿಲ್ಲಿಸಿದರು. ಹಿಂದೆ ತಿರುಗಿ, ಮೆಲ್ಲಗೆ, ಮರಾಠಿಯಲ್ಲಿ ಕೇಳಿದರು.

"ಆಯಿ, ಪಹಿಲಿ ಓಳ ಕುಣಾಚಿ?"

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಭುಜಗಳು ಅಲುಗಿದವು. ನಗುತ್ತಿದ್ದರು. "ನಿಂದ ಯವ್ವಾ, ನಿಂದ. ಹಾಡ ನೀ. ನಾ ಬಾಯಿ ಹಿಡಕೊಂಡ ಕುಂಡ್ರತೇನಿ," ಎಂದರು. ಹಾಗೆಯೇ ಮಾಡಿದರು. ಪ್ರತಿ ಮೊದಲ ಸಾಲಿಗೆ ಸೆರಗು ಬಾಯಿಗೆ ಹೋಗುತ್ತಿತ್ತು, ಎರಡನೆಯದಕ್ಕೆ ಇಳಿಯುತ್ತಿತ್ತು.

ಮರುದಿನ ಅದನ್ನು ಐದು ತಾಲೂಕಿನ ಗುಂಪಿಗೆ ಹಾಕಿದೆ. ಕತ್ತರಿ ಹಾಕಲಿಲ್ಲ. ಹಾಡು ನಿಂತದ್ದು, ಪ್ರಶ್ನೆ, ಉತ್ತರ ಎಲ್ಲ ಅದರಲ್ಲೇ ಇತ್ತು. ಭಾರಿ, ಒಂದ ನಂಬರ್ ಬಂದವು. ನಿಪ್ಪಾಣಿಯ ಸ್ನೇಹಿತರ ಸಂದೇಶ ವೈನಿಯ ಮನೆಮಾತಾದ ಮರಾಠಿಯಲ್ಲೇ ಶುರುವಾಗಿತ್ತು. ಮೊದಲ ಸಾಲು ಈಗ ನಿಮ್ಮದೇ, ಕೇಳಿ ಸಂತೋಷವಾಯಿತು ಎಂದಿತ್ತು. ಅರ್ಧಕ್ಕೆ ಬಂದು ಕನ್ನಡಕ್ಕೆ ತಿರುಗಿತು. "ಕಡೀ ಚರಣದಾಗ ತಾಳ ಓಡಾಕತ್ತೈತ್ರಿ ವೈನಿ."

ಮೊದಲ ಸಲ ಅವರು ಭಾಷೆ ಆರಿಸುವಾಗ ವೈನಿಯ ತವರು ಗೊತ್ತಿಲ್ಲದೆ, ಕನ್ನಡದವರೆಂದು ತಿಳಿದು ತಪ್ಪಿದ್ದರೆಂದು ನನಗೆ ಆಗಲೇ ಹೊಳೆದದ್ದು. ಆ ಪ್ರಶ್ನೆ ಸೀದಾ ಎದೆಗೇ ಹೋಗಿತ್ತು. ಸಂದೇಶವನ್ನು ವೈನಿಗೆ ಓದಿ ಹೇಳಿದೆ. ಅವರು ತಾಳ ಕೈಗೆ ತೆಗೆದುಕೊಂಡು ಆ ಚರಣವನ್ನು ಒಮ್ಮೆ ಮೆಲ್ಲಗೆ ಹೇಳಿ ನೋಡಿದರು.

"ಓಡೈತಿ, ಖರೇ," ಎಂದರು. "ಆದ್ರ ಉಣ್ಣದ ಖೋಡಿ ಹೇಳ್ಯಾರ ಅವ್ರು, ಎರಡ ಸಲ. ಬರೂ ಭಾನುವಾರ ಊಟಕ್ಕ ಕರೀರಿ. ಹಾರ್ಮೋನಿಯಂ ತಗೊಂಡ ಬರ್ರಿ ಅನ್ರಿ."